ಕಾಲು ದಪ್ಪ ಇದ್ದರೆ ಗಟ್ಟಿನಾ? ಬೆಂಗಳೂರಿನ ಬರಿಗಾಲ ಫುಟ್‌ಬಾಲಿಗರು ಮತ್ತು ನನ್ನ ಅಳತೆ ಟೇಪು

ಹೋದ ವಾರದ ವಿಡಿಯೊದ ಬರಹ ರೂಪ ಇದು. ಹಿಂಜವಡಿ ಬಸ್ಸಿನಲ್ಲಿ ಇಯರ್‌ಫೋನ್ ಮರೆತು ಕೂತವರು ಓದ್ಲಿ ಅಂತ ಎಂದಿನಂತೆ ಹಾಕ್ತಿದ್ದೇನೆ. ಮಾತಿನ ಭರದಲ್ಲಿ ಒಂದು ಇಸವಿ ತಪ್ಪು ಹೇಳಿದ್ದೆ, ಇಲ್ಲಿ ತಿದ್ದಿದ್ದೇನೆ.

ಈ ವಿಷಯ ನನಗೆ ಹತ್ತಿಕೊಂಡಿದ್ದು ದರ್ಜಿಯವರು ಬಳಸೋ ಒಂದು ಟೇಪಿನಿಂದ. ವಾಕಡದ ಒಂದು ಟರ್ಫ್‌ನಲ್ಲಿ ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಫುಟ್‌ಬಾಲ್ ಆಡ್ತೀವಿ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರೇ ಹೆಚ್ಚು, ಶಿವಮೊಗ್ಗದವನು ಒಬ್ಬ. ಕಳೆದ ವರ್ಷ ಅಲ್ಲಿ ಓಡ್ತಾ ಓಡ್ತಾ ಎಡಕ್ಕೆ ತಿರುಗಲು ಹೋದೆ. ಯಾರೂ ನನಗೆ ತಾಗಿರಲಿಲ್ಲ. ಶೂ ನೆಲಕ್ಕೆ ಕಚ್ಚಿಕೊಂಡು ನಿಂತುಬಿಟ್ಟಿತು, ಮೈ ಮಾತ್ರ ತಿರುಗಿತು. ಒಳಗೆ ಟಪ್ ಅಂತ ಒಂದು ಸದ್ದು. ಬಲ ಮೊಣಕಾಲಿನ ಎಸಿಎಲ್ ಹರಿದಿತ್ತು. ಎಸಿಎಲ್ ಅಂದರೆ ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಅಡ್ಡಡ್ಡ ಬಿಗಿದಿಡೋ ಲಿಗಮೆಂಟ್. ಆಪರೇಷನ್ ಆಯ್ತು.

ಆಸ್ಪತ್ರೆಗೆ ನೋಡಲು ಬಂದ ವಿಜಯಪುರದ ಗೆಳೆಯ ಹಣ್ಣಿನ ಚೀಲ ಕೆಳಗಿಡೋದಕ್ಕೂ ಮುಂಚೆ ಹೇಳಿದ್ದು ಇಷ್ಟು: "ನಾ ಮೊದ್ಲ ಹೇಳಿದ್ನಿಲ್ಲೋ, ಆ ಜ್ವಾಳದ ದಂಟಿನಂಥಾ ಕಾಲ ತಗೊಂಡು ಆಡಬ್ಯಾಡ ಅಂತ."

ಈ ಮಾತು ನನಗೆ ಹೊಸದಲ್ಲ. ಧಾರವಾಡದಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ಪಿ.ಟಿ. ಮಾಸ್ತರರು ನಮ್ಮನ್ನ ಸಾಲಾಗಿ ನಿಲ್ಲಿಸಿ, ಚಡ್ಡಿ ಕೆಳಗಿನ ಕಾಲು ನೋಡ್ಕೊಂಡು ಹೋದರು. ನನ್ನ ಹತ್ರ ಬಂದಾಗ ನಿಲ್ಲಲೂ ಇಲ್ಲ. ಆ ವರ್ಷ ನನ್ನ ಕೆಲಸ ಗೋಲಿನ ಹಿಂದೆ ನಿಂತು ಚೆಂಡು ತಂದುಕೊಡೋದು. ಇನ್ನೊಂದು ಒಪ್ಪಿಕೊಳ್ಳಲೇಬೇಕು: ಇಪ್ಪತ್ತು ವರ್ಷ ಆದಮೇಲೆ ವಾಕಡದಲ್ಲಿ ಟೀಮ್ ಹಂಚುವಾಗ ನಾನೂ ಅದನ್ನೇ ಮಾಡ್ತಿದ್ದೆ. ಹೊಸ ಹುಡುಗ ಬಂದ್ರೆ ಮುಖಕ್ಕಿಂತ ಮೊದಲು ಅವನ ಮೀನಖಂಡ ನೋಡ್ತಿದ್ದೆ.

ಹಾಗಾಗಿ ಹಾಸಿಗೆ ಮೇಲೆ ಮಲಗಿದ್ದ ಆ ಆರು ವಾರ ಈ ಪ್ರಶ್ನೆಯ ಹಿಂದೆ ಬಿದ್ದೆ. ಕಾಲಿನ ದಪ್ಪ ನೋಡಿ ಆಟಗಾರನ ಬಲ ಹೇಳಬಹುದಾ? ಅವನು ಎಷ್ಟು ವರ್ಷ ಬಾಳ್ತಾನೆ ಅಂತ ಹೇಳಬಹುದಾ? ಹುಡುಕ್ತಾ ಹೋದ್ರೆ ಸಿಕ್ಕಿದ್ದು ಬೆಂಗಳೂರು.

ಮೊದಲು ನಮ್ಮ ಭಾಷೆಯನ್ನೇ ನೋಡಿ. ಸವಾಲು ಹಾಕೋದಕ್ಕೆ ಕನ್ನಡದಲ್ಲಿ 'ತೊಡೆ ತಟ್ಟು' ಅಂತೀವಿ. ಗರಡಿಯಲ್ಲಿ ಕುಸ್ತಿ ಹಿಡಿಯೋ ಮುಂಚೆ ಪೈಲ್ವಾನ ಮಾಡೋದು ಅದನ್ನೇ. ಹತ್ತನೇ ಶತಮಾನದಲ್ಲಿ ರನ್ನ ಬರೆದ ಗದಾಯುದ್ಧದ ಕತೆ ಕೊನೆಗೆ ಬಂದು ನಿಲ್ಲೋದೂ ದುರ್ಯೋಧನನ ತೊಡೆಯ ಹತ್ತಿರ. ಅಂದರೆ ಬಲ ಇರೋದು ತೊಡೆಯಲ್ಲಿ ಅನ್ನೋದು ನಮಗೆ ಸಾವಿರ ವರ್ಷದ ನಂಬಿಕೆ. ಕುಸ್ತಿಗೆ ಅದು ಬಹುಮಟ್ಟಿಗೆ ಸರಿ ಕೂಡ.

ಬ್ರಿಟಿಷರು ಬಂದಮೇಲೆ ಇದಕ್ಕೆ ಇನ್ನೊಂದು ಪದರ ಸೇರಿತು. ಬಂಗಾಳಿಗಳ ಮೈಕಟ್ಟು ದುರ್ಬಲ ಅಂತ ಮೆಕಾಲೆ 1841ರಲ್ಲೇ ವಾರನ್ ಹೇಸ್ಟಿಂಗ್ಸ್ ಮೇಲಿನ ಪ್ರಬಂಧದಲ್ಲಿ ಬರೆದಿದ್ದ. 1880ರ ದಶಕದಲ್ಲಿ ಮದರಾಸು ಸೈನ್ಯದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್‌ಗೆ ದಕ್ಷಿಣದ ಸಿಪಾಯಿಗಳ ಮೇಲೆ ಭರವಸೆಯೇ ಇರಲಿಲ್ಲ. ಯುದ್ಧಕ್ಕೆ ಹುಟ್ಟಿದ ಜಾತಿಗಳು, ಅಲ್ಲದ ಜಾತಿಗಳು ಅಂತ ದೇಶವನ್ನೇ ವಿಂಗಡಿಸಿದ ಕಾಲ ಅದು. ತಮಾಷೆ ಏನಂದ್ರೆ, ಆ ಸೈನ್ಯದ ದೊಡ್ಡ ನೆಲೆಗಳಲ್ಲಿ ಒಂದು 1809ರಲ್ಲಿ ಶುರುವಾದ ಬೆಂಗಳೂರು ದಂಡು ಪ್ರದೇಶ. ಗೋರಾ ರೆಜಿಮೆಂಟುಗಳು ಅಲ್ಲಿಗೆ ಫುಟ್‌ಬಾಲ್ ತಂದವು. ಅವರು ಆಡೋದನ್ನ ಮೈದಾನದ ಅಂಚಿನಲ್ಲಿ ನಿಂತು ನೋಡಿದ್ದು ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ. ಮಾಲ್‌ಗಿಂತ ಚೆನ್ನಾಗಿದೆ.

1911ರಲ್ಲಿ ಕಲ್ಕತ್ತಾದಲ್ಲಿ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನ 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿದ್ದು ಎಲ್ಲರಿಗೂ ಗೊತ್ತು. ಹನ್ನೊಂದರಲ್ಲಿ ಒಬ್ಬರನ್ನ ಬಿಟ್ಟು ಉಳಿದವರೆಲ್ಲ ಬರಿಗಾಲು. ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದಿರೋದು 1937. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೀತಿತ್ತು, ಬ್ರಿಟಿಷ್ ಸೈನ್ಯದ ತಂಡಗಳ ಕೋಟೆ ಅದು. ಆ ಕೋಟೆ ಒಡೆದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆಕಸ್ಮಿಕ ಅನ್ನೋ ಹಾಗೂ ಇಲ್ಲ, ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. 1946–47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ದಕ್ಷಿಣದವರ ಮೈಕಟ್ಟಿನ ಬಗ್ಗೆ ಬರೆದವರಲ್ಲಿ ಯಾರೂ ಇದಕ್ಕೆ ಉತ್ತರ ಬರೆದ ಹಾಗಿಲ್ಲ.

ಈಗ ನನಗೆ ಅತಿ ಇಷ್ಟವಾದ ಪಂದ್ಯಕ್ಕೆ ಬರ್ತೀನಿ. 1948ರ ಜುಲೈ 31. ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್‌ನ ಮೈದಾನ, ಭಾರತ ಮತ್ತು ಫ್ರಾನ್ಸ್. ಸ್ವತಂತ್ರ ಭಾರತದ ಮೊದಲ ದೊಡ್ಡ ಅಂತರರಾಷ್ಟ್ರೀಯ ಪಂದ್ಯ. ಹೆಚ್ಚಿನವರು ಬರಿಗಾಲು, ಇಲ್ಲವೇ ಬರೀ ಸಾಕ್ಸ್. ಕ್ಯಾಪ್ಟನ್ ನಾಗಾ ನಾಡಿನ ಡಾಕ್ಟರ್ ತಾಲಿಮೆರೆನ್ ಆವೊ. ಮುಂದಿನ ಸಾಲಿನಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಮತ್ತು ಅಹ್ಮದ್ ಖಾನ್. 30ನೇ ನಿಮಿಷದಲ್ಲಿ ಫ್ರಾನ್ಸ್ ಗೋಲು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ನಮ್ಮ ಬೆಂಗಳೂರಿನವರದ್ದು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು.

ಆಮೇಲೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆರನೇ ಜಾರ್ಜ್ ದೊರೆ ನಮ್ಮ ಡಿಫೆಂಡರ್ ಶೈಲೇನ್ ಮನ್ನಾ ಅವರನ್ನ ಕರೆದು, ಪ್ಯಾಂಟು ಮೇಲೆತ್ತಿ ಕಾಲು ತೋರಿಸು, ಉಕ್ಕಿನದಾ ನೋಡಬೇಕು ಅಂದ ಅನ್ನೋ ಕತೆ ಕಲ್ಕತ್ತಾದ ಫುಟ್‌ಬಾಲ್ ಮಂದಿ ಹೇಳ್ತಾ ಬಂದಿದ್ದಾರೆ. ಇಂಥ ಕತೆಗಳು ಬಾಯಿಂದ ಬಾಯಿಗೆ ಬೆಳೀತಾವೆ, ಬಿಡಿ. ಆದರೆ ನನಗೆ ಹಿಡಿಸಿದ್ದು ಕತೆಯ ತರ್ಕ. ನೂರು ವರ್ಷ ಈ ದೇಶದವರ ಕಾಲು ನೋಡಿ ದುರ್ಬಲ ಅಂದರು. ಆ ಕಾಲು ಬೂಟಿಲ್ಲದೆ ಬೂಟಿನೆದುರು ನಿಂತಾಗ ಒಳಗೆ ಉಕ್ಕಿರಬೇಕು ಅಂದರು. ಎರಡೂ ಸಲ ನೋಡಿದ್ದು ಹೊರಗಿನ ಕಾಲನ್ನೇ. ನನ್ನ ಪಿ.ಟಿ. ಮಾಸ್ತರರೂ ಅಷ್ಟೇ, ನಾನೂ ಅಷ್ಟೇ.

ಇಲ್ಲೊಂದು ಸಣ್ಣ ಲೆಕ್ಕ. ಆ ಕಾಲದಲ್ಲಿ ನಮ್ಮ ದೇಶದೊಳಗಿನ ಪಂದ್ಯಗಳು 90 ನಿಮಿಷದವಾಗಿರಲಿಲ್ಲ, ಚಿಕ್ಕವು. 70ನೇ ನಿಮಿಷಕ್ಕೆ ಸಮ, 89ಕ್ಕೆ ಸೋಲು. ಒಂದೇ ಪಂದ್ಯದಿಂದ ಸಿದ್ಧಾಂತ ಕಟ್ಟಬಾರದು ಅಂತ ಎಂಟೆಕ್‌ನಲ್ಲಿ ನಮ್ಮ ಗೈಡು ಬೈದದ್ದು ನೆನಪಿದೆ. ಆದ್ರೂ ಹೇಳ್ತೀನಿ: ಕೊನೆಯ ಇಪ್ಪತ್ತು ನಿಮಿಷ ಓಡಿ ಅಭ್ಯಾಸ ಇಲ್ಲದ ಕಾಲು ದಪ್ಪ ಇದ್ದರೇನು, ಸಣ್ಣ ಇದ್ದರೇನು?

ಅಹ್ಮದ್ ಖಾನ್ ಬಗ್ಗೆ ಇನ್ನೂ ಸ್ವಲ್ಪ. 1926ರಲ್ಲಿ ಬೆಂಗಳೂರಿನ ಫುಟ್‌ಬಾಲ್ ಮನೆತನದಲ್ಲಿ ಹುಟ್ಟಿದವರು. 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು, ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಈ ಐವರಿಗೆ ಕಲ್ಕತ್ತಾದವರು ಪಂಚ ಪಾಂಡವರು ಅಂತ ಹೆಸರಿಟ್ಟಿದ್ದರು. 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಇವರದ್ದು. ಖಾನ್ ಸಾಹೇಬರಿಗೆ ಇದ್ದ ಬಿರುದು ಹಾವಾಡಿಗ. ಚೆಂಡು ಹಾವಿನ ಹಾಗೆ ಅವರ ಕಾಲಿನ ಮಾತು ಕೇಳ್ತಿತ್ತಂತೆ. ಗಮನಿಸಿ, ಅವರಿಗೆ ಸಿಕ್ಕಿದ್ದು ಕಬ್ಬಿಣದ ತೊಡೆಯ ಬಿರುದಲ್ಲ. ಒದ್ದು ಬೀಳಿಸೋ ಕಾಲು ಬರೋ ಮುಂಚೆ ಅಲ್ಲಿಂದ ಜಾಗ ಖಾಲಿ ಮಾಡೋದೇ ಬರಿಗಾಲಿನವನ ರಕ್ಷಾಕವಚ. ಎದುರಾಳಿಯ ಬೂಟಿಗೆ ಸಿಗದವನು ಹೆಚ್ಚು ವರ್ಷ ಆಡ್ತಾನೆ. ಇದನ್ನ ಯಾವ ಟೇಪೂ ಅಳೆಯಲ್ಲ.

ಬರಿಗಾಲನ್ನ ದೇವರು ಮಾಡೋದೂ ಬೇಡ. 1952ರ ಜುಲೈ, ಹೆಲ್ಸಿಂಕಿ. ಯುಗೊಸ್ಲಾವಿಯಾ ವಿರುದ್ಧ 10–1. ನಮ್ಮ ಒಂದು ಗೋಲು ಹೊಡೆದವರು ಅಹ್ಮದ್ ಖಾನ್, ಅದೂ 89ನೇ ನಿಮಿಷದಲ್ಲಿ. ಯುಗೊಸ್ಲಾವಿಯಾ ಆ ಸಲ ಬೆಳ್ಳಿ ಗೆದ್ದ ತಂಡ, ಬೂಟಿದ್ದರೂ ಸೋಲ್ತಿದ್ದೆವು. ಆದರೆ ಹತ್ತು ಗೋಲಿಗೆ ಆಟದ ಅಂತರವೊಂದೇ ಕಾರಣ ಅಲ್ಲ. ಉತ್ತರದ ಆ ತಣ್ಣನೆ ನೆಲದಲ್ಲಿ ಬರಿಗಾಲಿಗೆ ಹಿಡಿತ ಸಿಗಲಿಲ್ಲ. ಅದಾದಮೇಲೆ ನಮ್ಮಲ್ಲಿ ಬೂಟು ಕಡ್ಡಾಯ ಆಯ್ತು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯಾವನ್ನ ಅವರ ನೆಲದಲ್ಲೇ 4–2ರಿಂದ ಸೋಲಿಸಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಹೈದರಾಬಾದಿನ ಕೋಚ್ ರಹೀಮ್ ಸಾಹೇಬರ ತಂಡ ಅದು. ಬೆಂಗಳೂರಿನ ಕೆಂಪಯ್ಯ ಅದರಲ್ಲಿದ್ದರು, 1960ರ ರೋಮ್‌ನಲ್ಲೂ ಇದ್ದರು. ನಾಲ್ಕು ವರ್ಷದಲ್ಲಿ ಭಾರತೀಯರ ಕಾಲು ದಪ್ಪ ಆಗಿಬಿಡ್ತಾ? ಇಲ್ಲ. ಕಾಲಿಗೂ ನೆಲಕ್ಕೂ ನಡುವೆ ಇರೋದು ಬದಲಾಯ್ತು, ತರಬೇತಿ ಬದಲಾಯ್ತು.

ಇದನ್ನ ಓದಿದ ದಿನ ನನಗೆ ನನ್ನ ಮೊಣಕಾಲು ಅರ್ಥ ಆಯ್ತು. ಹೆಲ್ಸಿಂಕಿಯಲ್ಲಿ ಹಿಡಿತ ಕಡಿಮೆ ಆಗಿ ಜಾರಿದರು. ವಾಕಡದಲ್ಲಿ ಹಿಡಿತ ಜಾಸ್ತಿ ಆಗಿ ನಾನು ಹರಕೊಂಡೆ. ಹುಲ್ಲಿನ ಮೈದಾನಕ್ಕೆ ಮಾಡಿದ ಉದ್ದ ಸ್ಟಡ್ ಇರೋ ಶೂ ಹಾಕ್ಕೊಂಡು ಒಣ ಪ್ಲಾಸ್ಟಿಕ್ ಟರ್ಫ್ ಮೇಲೆ ಆಡಿದ್ದೆ. ಆಫರ್‌ನಲ್ಲಿ ಸಿಕ್ಕಿತ್ತು ಅನ್ನೋದೇ ಕಾರಣ. ಬರಿಗಾಲಾಗಿದ್ದರೆ ಪಾದ ಜಾರಿ, ನಾನು ಬಿದ್ದು, ಮೊಣಕೈ ತರಚಿಕೊಂಡು ಎದ್ದಿರ್ತಿದ್ದೆ. ಶೂ ಬಿಡದೆ ಹಿಡಿದದ್ದರಿಂದ ಆ ತಿರುಚು ಪೂರ್ತಿ ಮೊಣಕಾಲಿಗೆ ಹೋಯ್ತು. ಇದರಲ್ಲಿ ನನ್ನ ಮೀನಖಂಡದ ಅಪರಾಧ ಇಲ್ಲ ಅಂತ ವಿಜಯಪುರದವನಿಗೆ ಮೆಸೇಜ್ ಕಳಿಸಿದೆ. ಅವನು ಜೋಳದ ದಂಟಿನ ಫೋಟೊ ಕಳಿಸಿದ.

ಸರಿ, ಹಾಗಾದರೆ ದಪ್ಪಕ್ಕೆ ಅರ್ಥವೇ ಇಲ್ವಾ? ಇದೆ. ಸ್ನಾಯುವನ್ನ ಅಡ್ಡ ಕೊಯ್ದರೆ ಕಾಣೋ ವಿಸ್ತೀರ್ಣ ಹೆಚ್ಚಿದ್ದಷ್ಟೂ ಅದು ಹುಟ್ಟಿಸಬಲ್ಲ ಬಲ ಸಾಮಾನ್ಯವಾಗಿ ಹೆಚ್ಚು. ಬ್ರೆಜಿಲ್‌ನ ರೊಬೆರ್ಟೊ ಕಾರ್ಲೊಸ್ ಎತ್ತರ ಬರೀ 168 ಸೆಂ.ಮೀ. ಆದರೆ ಆ ತೊಡೆ, ಆ ಫ್ರೀಕಿಕ್! ಅಲ್ಲಿ ದಪ್ಪ ಸುಳ್ಳು ಹೇಳ್ತಿಲ್ಲ. ಆದರೆ ತೊಡೆ ಬೇರೆ, ಮೀನಖಂಡ ಬೇರೆ. ಓಡುವಾಗ ಕಾಲು ಸೊಂಟದಿಂದ ತೂಗೋ ಲೋಲಕ ಇದ್ದ ಹಾಗೆ. ತೂಕ ಸೊಂಟದ ಹತ್ತಿರ ಇದ್ದರೆ ಬೀಸೋದು ಸುಲಭ. ಕೆಳಗೆ ಪಾದದ ಹತ್ತಿರ ಇದ್ದರೆ ದೂರದ ವರ್ಗದ ಲೆಕ್ಕದಲ್ಲಿ ಕಷ್ಟ ಹೆಚ್ಚುತ್ತೆ. ಪಿಯುಸಿ ಫಿಸಿಕ್ಸ್ ನೆನಪಿರೋರಿಗೆ ಇದು ಜಡತ್ವದ ಮಹತ್ವ. ಕೀನ್ಯಾದ ದೂರ ಓಟಗಾರರ ಕೆಳಗಾಲು ಎಷ್ಟು ಸಣ್ಣ ಅಂತ ನೋಡಿದ್ದೀರಲ್ಲ? ನಾವು ಟೀಮ್ ಆರಿಸುವಾಗ ನೋಡ್ತಿದ್ದದ್ದು ಸರಿಯಾಗಿ ತಪ್ಪು ಜಾಗ.

ಇನ್ನು ಬಾಳಿಕೆ ಅನ್ನೋದು ಬಲಕ್ಕಿಂತ ಬೇರೆಯೇ ಪ್ರಶ್ನೆ. ಸರ್ವರ್‌ನಲ್ಲಿ ಕೋರ್ ಎಷ್ಟಿದೆ ಅನ್ನೋದಕ್ಕೂ ಅದು ಎಷ್ಟು ದಿನ ಬೀಳದೆ ಓಡುತ್ತೆ ಅನ್ನೋದಕ್ಕೂ ಸಂಬಂಧ ಎಷ್ಟು ಅಂತ ರಾತ್ರಿ ಆನ್‌ಕಾಲ್ ಮಾಡಿದವರನ್ನ ಕೇಳಿ. ಬ್ರೆಜಿಲ್‌ನ ರೊನಾಲ್ಡೊ ಕಾಲು ನೆನಪಿಸಿಕೊಳ್ಳಿ, ಗೂಳಿಯ ಬಲ. 1999ರ ನವೆಂಬರಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿಯಿತು. 2000ದ ಏಪ್ರಿಲ್‌ನಲ್ಲಿ ವಾಪಸ್ ಬಂದು ಕೆಲವೇ ನಿಮಿಷಕ್ಕೆ, ಯಾರೂ ಮುಟ್ಟದೆ, ಅದೇ ಜಾಗ ಪೂರ್ತಿ ಹೋಯ್ತು. ಸ್ನಾಯು ಕೆಲವು ವಾರದಲ್ಲಿ ಬೆಳೆಯುತ್ತೆ. ರಕ್ತ ಕಡಿಮೆ ಹರಿಯೋ ರಜ್ಜು, ಲಿಗಮೆಂಟು ಅಷ್ಟು ಬೇಗ ಒಗ್ಗಿಕೊಳ್ಳಲ್ಲ. ಎಂಜಿನ್ ದೊಡ್ಡದು ಹಾಕಿ ನಟ್ಟು ಬೋಲ್ಟು ಹಳೇದೇ ಬಿಟ್ಟ ಹಾಗೆ. ಎರಡು ವರ್ಷಕ್ಕೆ, 2002ರ ವಿಶ್ವಕಪ್‌ನಲ್ಲಿ, ಅದೇ ಮನುಷ್ಯ 8 ಗೋಲು ಹೊಡೆದ ಅನ್ನೋದು ಬೇರೆ ಮಾತು. ಆ ಪಂದ್ಯಗಳನ್ನ ನಾನು ಆಪರೇಷನ್ ಆದಮೇಲೆ ಎಷ್ಟು ಸಲ ನೋಡಿದೆನೋ.

ಗರಿಂಚಾನ ಎರಡೂ ಕಾಲು ಒಂದೇ ದಿಕ್ಕಿಗೆ ಸೊಟ್ಟ, ಒಂದು ಇನ್ನೊಂದಕ್ಕಿಂತ ಗಿಡ್ಡ. ನನ್ನ ಪಿ.ಟಿ. ಮಾಸ್ತರರ ಸಾಲಿನಲ್ಲಿ ನಿಂತಿದ್ದರೆ ಚೆಂಡು ತರೋ ಕೆಲಸ ಕೂಡ ಸಿಗ್ತಿರಲಿಲ್ಲ. 1958, 1962, ಎರಡು ವಿಶ್ವಕಪ್ ಗೆದ್ದ. ಬ್ರೆಜಿಲ್ ಪರ ಅವನು ಸೋತದ್ದು ಒಂದೇ ಪಂದ್ಯ, 1966ರಲ್ಲಿ ಹಂಗೇರಿ ಎದುರು, ಅದೇ ಅವನ ಕೊನೆಯದು. ಆದರೆ ಆ ಮೊಣಕಾಲುಗಳು ಮೂವತ್ತು ದಾಟೋ ಹೊತ್ತಿಗೆ ಸವೆದಿದ್ದವು. ಆಟ ಇತ್ತು, ಬಾಳಿಕೆ ಇರಲಿಲ್ಲ.

ಬಾಳಿಕೆಗೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಒಳ್ಳೆ ಪ್ರಯೋಗ ಇದೆ. 2011ರಲ್ಲಿ ಪ್ರಕಟವಾದದ್ದು, ಡೆನ್ಮಾರ್ಕ್‌ನ 50 ತಂಡಗಳ 942 ಆಟಗಾರರು. ಅರ್ಧ ತಂಡಗಳಿಗೆ ಹತ್ತು ವಾರ ಒಂದೇ ವ್ಯಾಯಾಮ ಹೆಚ್ಚಿಗೆ: ಮೊಣಕಾಲೂರಿ ಕೂತು, ಗೆಳೆಯ ಹಿಂದಿನಿಂದ ಪಾದ ಅದುಮಿ ಹಿಡಿದಾಗ, ಮೈ ನೆಟ್ಟಗಿಟ್ಟು ನಿಧಾನ ಮುಂದಕ್ಕೆ ಬೀಳೋದು. ನಾರ್ಡಿಕ್ ಅಂತ ಹೆಸರು. ಮಾಡದವರಲ್ಲಿ 52 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡಿದವರಲ್ಲಿ 15. ಯಾರ ತೊಡೆ ಎಷ್ಟು ದಪ್ಪ ಅಂತ ಆರಿಸಿ ಮಾಡಿದ್ದಲ್ಲ ಇದು. ಉದ್ದವಾಗ್ತಾ ಇರುವಾಗಲೇ ಬಲ ಹಾಕೋದನ್ನ ಆ ಸ್ನಾಯುವಿಗೆ ಕಲಿಸಿದ್ದು, ಅಷ್ಟೇ. ನಮ್ಮ ಭಾನುವಾರದ ಗುಂಪಿನಲ್ಲಿ ಇದಕ್ಕೆ 'ಗುಡಿ ನಮಸ್ಕಾರ' ಅಂತ ಹೆಸರಾಗಿದೆ. ಮಾಡೋರು ಮೂರೇ ಜನ.

ಇಲ್ಲಿಗೆ ಹತ್ತಿರದ ಒಂದು ನೆನಪು. ನಮ್ಮೂರಿಗೆ ಹೋಗೋ ಅದೇ ಬೆಂಗಳೂರು ಹೈವೇ ಹಿಡಿದರೆ ವಾಕಡದಿಂದ ಬಾಲೆವಾಡಿ ಸ್ಟೇಡಿಯಂ ಎರಡು ಹೆಜ್ಜೆ. 2018ರ ಮಾರ್ಚ್‌ನಲ್ಲಿ ಐಎಸ್‌ಎಲ್ ಸೆಮಿಫೈನಲ್ ಮೊದಲ ಲೆಗ್ ಅಲ್ಲಿ ನಡೀತು, ಪುಣೆ ಮತ್ತು ಬೆಂಗಳೂರು ಎಫ್‌ಸಿ. 0–0. ಆಫೀಸಿನಿಂದ ನೇರ ಹೋಗಿದ್ದೆವು, ಸುತ್ತ ಕನ್ನಡ ಕೇಳಿ ಖುಷಿಯಾಗಿತ್ತು. ನಾಲ್ಕು ದಿನ ಆದಮೇಲೆ ಬೆಂಗಳೂರಿನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದು 3–1 ಮಾಡಿದರು. ಆಗ ಅವರಿಗೆ 33. ಎತ್ತರ 170 ಸೆಂ.ಮೀ., ದೈತ್ಯ ಮೈಕಟ್ಟೇನಲ್ಲ. 2005ರಲ್ಲಿ ದೇಶಕ್ಕೆ ಆಡಲು ಶುರು ಮಾಡಿದವರು 2024ರ ಜೂನ್‌ನಲ್ಲಿ ವಿದಾಯ ಹೇಳಿ, ಸಾಲದು ಅಂತ 2025ರಲ್ಲಿ ಮತ್ತೆ ಬಂದು ಗೋಲು ಹೊಡೆದರು. ಆ ರಾತ್ರಿ ಬಾಲೆವಾಡಿಯಲ್ಲಿ ನನ್ನ ಪಕ್ಕ ಕೂತಿದ್ದವನು ಕೇಳಿದ್ದು ನೆನಪಿದೆ: "ಈ ಮನಷ್ಯಾ ಹೆಂಗ ದಣಿಯೂದಿಲ್ಲ ಮಾರಾಯಾ?"

ನನ್ನ ಟೇಪಿಗೆ ವಾಪಸ್ ಬರ್ತೀನಿ. ಆಪರೇಷನ್ ಆಗಿ ಮೂರು ವಾರಕ್ಕೆ ತೊಡೆ ಅಳೆದೆ. ಎಡ 49 ಸೆಂ.ಮೀ., ಬಲ 45. ಕನ್ನಡಿಯಲ್ಲಿ ಬೇರೆಯವನ ಕಾಲು ಅಂಟಿಸಿದ ಹಾಗೆ ಕಾಣ್ತಿತ್ತು. ಎಂಜಿನಿಯರ್ ಅಲ್ವಾ, ಶೀಟ್ ಮಾಡಿದೆ, ಗ್ರಾಫ್ ಹಾಕಿದೆ, ವಾರ ವಾರ ಅಳೆದೆ. ಆರನೇ ತಿಂಗಳಿಗೆ ಬಲಗಾಲು 48.5. ಹಬ್ಬ ಮಾಡೋ ಮನಸ್ಸು. ಜಿಮ್ಮಿನ ಟ್ರೇನರ್ ಒಬ್ಬ ನೋಡಿ, ಎರಡೂ ಸಮ ಆದವಲ್ಲ ಸರ್, ಈ ಭಾನುವಾರ ಆಡಿ ಅಂದ. ನಾನು ಶೂ ಕೂಡ ತೆಗೆದಿಟ್ಟಿದ್ದೆ, ಸಣ್ಣ ಸ್ಟಡ್ಡಿನದು.

ಪುಣ್ಯಕ್ಕೆ ಅದೇ ಶುಕ್ರವಾರ ಫಿಸಿಯೊ ಮೇಡಂ ಹತ್ರ ಹೋಗೋದಿತ್ತು. ಅವರು ನನ್ನ ಗ್ರಾಫ್ ನೋಡಿ ನಕ್ಕು, ಒದೆಯೋ ಬಲ ಅಳೆಯೋ ಮಷೀನಿನಲ್ಲಿ ಕೂರಿಸಿದರು. ಎಡಗಾಲಿನ ಬಲ 100 ಅಂತ ಇಟ್ಟುಕೊಂಡರೆ ಬಲಗಾಲಿನದು 68. ಅರ್ಧ ಸೆಂಟಿಮೀಟರ್ ವ್ಯತ್ಯಾಸದ ತೊಡೆ, ಬಲದಲ್ಲಿ ಮೂರನೇ ಒಂದು ಪಾಲು ಮಾಯ! ಹೇಗೆ ಅಂದೆ. ಟೇಪು ಸ್ನಾಯು, ಕೊಬ್ಬು, ನೀರು, ಮೂಳೆ ಎಲ್ಲಾ ಸೇರಿಸಿ ಅಳೆಯುತ್ತೆ ಅಂದರು. ಅದಕ್ಕಿಂತ ದೊಡ್ಡದು, ಗಾಯ ಆದ ಮೊಣಕಾಲಿನಿಂದ ಬರೋ ಸಂಕೇತ ತೊಡೆಯ ಮುಂದಿನ ಸ್ನಾಯುವಿಗೆ ಪೂರ್ತಿ ಬಲ ಹಾಕೋಕೆ ಬಿಡಲ್ಲ. ಹಾರ್ಡ್‌ವೇರ್ ಬಂದಿದೆ, ಡ್ರೈವರ್ ಲೋಡ್ ಆಗಿಲ್ಲ. ಈ ಹೋಲಿಕೆ ನನ್ನದು, ಅವರದ್ದಲ್ಲ. 90 ದಾಟೋವರೆಗೆ, ಒಂಟಿ ಕಾಲಿನಲ್ಲಿ ಹಾರೋ ಪರೀಕ್ಷೆ ಪಾಸಾಗೋವರೆಗೆ, ಏನೇ ಆದ್ರೂ ಒಂಬತ್ತು ತಿಂಗಳಿಗೆ ಮುಂಚೆ ಮೈದಾನ ಇಲ್ಲ ಅಂದರು. ಬೇಗ ಹೋದವರಲ್ಲಿ ಮತ್ತೆ ಹರಿಯೋದು ಜಾಸ್ತಿ.

ಆ ಭಾನುವಾರ ಆಡಿದ್ದರೆ ಏನಾಗ್ತಿತ್ತು ಅಂತ ರಾತ್ರಿ ಒಮ್ಮೊಮ್ಮೆ ಯೋಚನೆ ಬರುತ್ತೆ. ಮಗಳಿಗೆ ನಾಲ್ಕು ವರ್ಷ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಅವಳ ಹಿಂದೆ ಓಡೋದೂ ಇದೇ ಕಾಲು.

ಈಗ ಹನ್ನೊಂದನೇ ತಿಂಗಳು. ಬಲಗಾಲು 48.5ರಲ್ಲೇ ಇದೆ, ಒಂದು ಗೆರೆ ಏರಿಲ್ಲ. ಮಷೀನಿನ ಅಂಕಿ 93. ಹೋದ ಭಾನುವಾರ ಇಪ್ಪತ್ತು ನಿಮಿಷ ಆಡಿದೆ. ಹೊಸ ಹುಡುಗ ಒಬ್ಬ ಬಂದಿದ್ದ, ಇಂಡಿ ಕಡೆಯವನು, ಕಾಲು ನನ್ನದಕ್ಕಿಂತ ಸಣ್ಣ. ಟೀಮ್ ಹಂಚುವಾಗ ಮೊದಲ ಹೆಸರು ಅವನದ್ದು ಕರೆದೆ. ವಿಜಯಪುರದವನು ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಆಟ ಶುರುವಾಯ್ತು. ಆ ಹುಡುಗ ಎರಡು ಗೋಲು ಬಿಟ್ಟುಕೊಟ್ಟ, ಒಂದು ಹೊಡೆದ. ನಾವು ಸೋತೆವು.